ಬಿಳುಪು ಎಷ್ಟಿರಬೇಕು?

ಕನ್ನಡದ ರಕಾರದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ಠಕಾರ. ಆ ಚುಕ್ಕೆ ಅಳಿಸಿಹೋದರೆ ಮಠ ಮರವಾಗುತ್ತದೆ, ಪಾಠ ಪಾರವಾಗುತ್ತದೆ. ದಾಖಲೆ ಸ್ಕ್ಯಾನ್ ಮಾಡುವ ಯಂತ್ರಗಳಲ್ಲಿ ‘ಡೆಸ್ಪೆಕಲ್’ ಎಂಬ ಆಯ್ಕೆಯೊಂದಿದೆ. ಹಳೆಯ ಕಾಗದದ ಮೇಲಿನ ಬೂಷ್ಟಿನ ಚುಕ್ಕೆ, ಧೂಳಿನ ಕಣ, ಹುಳದ ಕಲೆ ಇವನ್ನು ಹುಡುಕಿ ಒರೆಸುವುದು ಅದರ ಕೆಲಸ. ಗೊತ್ತುಮಾಡಿದ ಅಳತೆಗಿಂತ ಸಣ್ಣದಾಗಿ, ಅಕ್ಕಪಕ್ಕದ ಯಾವ ಗೆರೆಗೂ ಅಂಟದೆ ನಿಂತ ಕಪ್ಪು ಗುರುತೆಲ್ಲ ಅದರ ಲೆಕ್ಕದಲ್ಲಿ ಕಸ. ಠಕಾರದ ಚುಕ್ಕೆಯೂ ಯಾವ ಗೆರೆಗೂ ಅಂಟದೆ ಒಂಟಿಯಾಗಿಯೇ ನಿಂತಿರುತ್ತದೆ.

ಮುಂಬಯಿಯ ಕನ್ನಡ ಮನೆಗಳಿಗೆ ಇದು ದೂರದ ಮಾತಲ್ಲ. ಮಾಟುಂಗದಿಂದ ಮುಲುಂಡಿನವರೆಗೆ ಹಳೆಯ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರಲ್ಲಿ ಅಜ್ಜನ ಜಾತಕ, ಅಜ್ಜಿಯ ಹಾಡಿನ ನೋಟುಬುಕ್ಕು, ಪಾರಾಯಣದ ಗ್ರಂಥಗಳು. ಮಾಧ್ವರ ಮನೆಯಾದರೆ ಅವುಗಳಲ್ಲಿ ಕೆಲವು ಇದೇ ಊರಿನಲ್ಲಿ ಅಚ್ಚಾದವು. ಜಾವಜಿ ದಾದಾಜಿ 1869ರಲ್ಲಿ ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯದಲ್ಲಿ ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರು ಅಚ್ಚು ಹಾಕಿಸಿದ ದ್ವೈತಗ್ರಂಥಗಳು ದಕ್ಷಿಣದ ಎಷ್ಟೋ ಮನೆಗಳಿಗೂ ಮಠಗಳಿಗೂ ತಲುಪಿದ್ದವು. ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನ ತೇವಕ್ಕೆ ಆ ಕಾಗದ ಕಂದಿದೆ, ಮಡಿಸಿದಲ್ಲಿ ಮುರಿಯುತ್ತದೆ. ಮೊಮ್ಮಕ್ಕಳು ಸ್ಕ್ಯಾನರ್ ತರುತ್ತಾರೆ. ಅವರ ಆತುರ ನ್ಯಾಯವಾದದ್ದು. ಇನ್ನೊಂದು ಮಳೆಗಾಲಕ್ಕೆ ಆ ಪುಟಗಳು ಉಳಿಯಲಾರವು. ಆದರೆ ಮೊದಲ ಹಾಳೆಯನ್ನು ಗಾಜಿನ ಮೇಲೆ ಮಲಗಿಸಿದ ಕೂಡಲೇ ಯಂತ್ರ ಕೇಳುತ್ತದೆ: ಕಪ್ಪು-ಬಿಳುಪೋ, ಬೂದುಛಾಯೆಯೋ, ಬಣ್ಣವೋ? ಈ ಪುಟದಲ್ಲಿ ಗ್ರಂಥ ಯಾವುದು, ಕಲೆ ಯಾವುದು ಎಂದು ಅದು ಕೇಳುತ್ತಿದೆ. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾರಿಗಿದೆ ಎಂಬುದನ್ನು ಮಾತ್ರ ಅದು ಕೇಳುವುದಿಲ್ಲ.

ಲೆಕ್ಕ ಸರಳ. ಎ4 ಹಾಳೆಯೊಂದನ್ನು 300 ಡಿಪಿಐನಲ್ಲಿ ಓದಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಬಿಂದುಗಳು. ಬಣ್ಣದಲ್ಲಾದರೆ ಬಿಂದುವಿಗೆ 24 ಬಿಟ್. ಕುಗ್ಗಿಸದೆ ಇಟ್ಟರೆ ಪುಟಕ್ಕೆ 26 ಎಂಬಿ. ಬೂದುಛಾಯೆಗೆ 8 ಬಿಟ್, ಅಂದರೆ ಕಪ್ಪಿನಿಂದ ಬಿಳುಪಿಗೆ 256 ಮೆಟ್ಟಿಲು. ಕಪ್ಪು-ಬಿಳುಪಿಗೆ ಬಿಂದುವಿಗೊಂದೇ ಬಿಟ್. ಪುಟಕ್ಕೆ ಒಂದು ಎಂಬಿ ಚಿಲ್ಲರೆ ಸಾಕು. ಇಷ್ಟು ಉಳಿತಾಯ ಮಾಡಲು ಯಂತ್ರ ಆ 256 ಮೆಟ್ಟಿಲುಗಳ ನಡುವೆ, ಸಾಮಾನ್ಯವಾಗಿ 128ರ ಆಸುಪಾಸಿನಲ್ಲಿ, ಒಂದು ಗೆರೆ ಎಳೆಯುತ್ತದೆ. ಗೆರೆಯ ಆಚೆಯದೆಲ್ಲ ಕಾಗದ, ಈಚೆಯದೆಲ್ಲ ಶಾಯಿ. ಕಂದಿದ ಪುಟ ನಿನ್ನೆ ಅಚ್ಚಾದಂತೆ ಬೆಳ್ಳಗಾಗುತ್ತದೆ.

ಅಜ್ಜ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಟಿಪ್ಪಣಿ ಮಾತ್ರ ಆ ಗೆರೆಯ ಆಚೆಗೆ ಬೀಳುತ್ತದೆ. ಅರವತ್ತು ವರ್ಷ ಮಾಸಿದ ಸೀಸದ ಗೀಟು ಕಾಗದದ ಬಣ್ಣಕ್ಕಿಂತ ಬಹಳವೇನೂ ಕಪ್ಪಾಗಿರುವುದಿಲ್ಲ. ಯಾವ ವಾಕ್ಯದ ಬಳಿ ನಿಂತು ಸಂಶಯಪಟ್ಟರು, ಗುರುಗಳು ಯಾವ ಪಾಠಾಂತರ ಹೇಳಿದರು, ಯಾವ ಏಕಾದಶಿಗೆ ಎಲ್ಲಿಗೆ ಓದಿ ನಿಲ್ಲಿಸಿದರು, ಇವೆಲ್ಲ ಹೋಗುತ್ತವೆ. ಕೈಬರಹದ ಪ್ರತಿಗಳಲ್ಲಿ ಶ್ಲೋಕದ ಸಂಖ್ಯೆಯನ್ನೂ ಅಧ್ಯಾಯದ ಮುಕ್ತಾಯವನ್ನೂ ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಇತ್ತು. ಕಚೇರಿಯ ಸ್ಕ್ಯಾನರುಗಳಲ್ಲೋ ‘ಕಲರ್ ಡ್ರಾಪ್‌ಔಟ್’ ಎಂಬ ಸೌಲಭ್ಯವಿದೆ. ಅರ್ಜಿ ನಮೂನೆಯ ಕೆಂಪು ಚೌಕಗಳನ್ನು ಅಳಿಸಿ ತುಂಬಿದ ಬರಹವನ್ನಷ್ಟೇ ಉಳಿಸಲು ಮಾಡಿದ್ದು ಅದು. ಬ್ಯಾಂಕಿನ ಅರ್ಜಿಗೆ ಅದು ಒಳ್ಳೆಯದೇ. ಸ್ತೋತ್ರದ ಹಸ್ತಪ್ರತಿಗೆ ಅದನ್ನೇ ಬಳಸಿದರೆ ಶ್ಲೋಕ ಎಲ್ಲಿ ಮುಗಿಯಿತೆಂಬುದೇ ಮಾಯವಾಗುತ್ತದೆ. ಓದುವವನಿಗೆ ಏನೋ ಹೋಗಿದೆ ಎಂದು ಅನ್ನಿಸುವುದೂ ಇಲ್ಲ. ಪುಟ ಅಷ್ಟು ಚೊಕ್ಕಟವಾಗಿರುತ್ತದೆ.

ಚೊಕ್ಕಟತನ ಎಷ್ಟು ಅಪಾಯದ್ದು ಎಂದು ಲೋಕ ಕಂಡದ್ದು 2013ರಲ್ಲಿ. ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸಲ್ ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಅಳತೆಯ ಕೋಣೆಗಳಿಗೆ ಪ್ರತಿಯಲ್ಲಿ ಒಂದೇ ವಿಸ್ತೀರ್ಣ ಬಂದಿತ್ತು. ಬೇರೆ ಹಾಳೆಗಳಲ್ಲಿ 6 ಇದ್ದಲ್ಲಿ 8 ಕೂತಿತ್ತು. ಕಡತವನ್ನು ಸಣ್ಣದು ಮಾಡಲು ಯಂತ್ರ ಜೆಬಿಐಜಿ2 ಎಂಬ ವಿಧಾನ ಬಳಸುತ್ತಿತ್ತು. ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಆಕೃತಿಗಳನ್ನು ಅದು ಒಂದೇ ಎಂದು ಗಣಿಸಿ, ಒಂದರ ಚಿತ್ರವನ್ನೇ ಎಲ್ಲ ಕಡೆಗೂ ಅಂಟಿಸುತ್ತದೆ. ಮಸುಕಾದ ಅಂಕಿಯಾಗಿದ್ದರೆ ಓದುಗ ಅನುಮಾನಪಡುತ್ತಿದ್ದ. ಬಂದದ್ದು ಸ್ಫುಟವಾದ, ನೇರವಾದ, ತಪ್ಪು ಅಂಕಿ. ಕಂಪನಿ ಕೊನೆಗೆ ತಂತ್ರಾಂಶ ತಿದ್ದಿಕೊಟ್ಟಿತು. ಕನ್ನಡದಂಥ ಲಿಪಿಯಲ್ಲಿ ಇದರ ಅಪಾಯ ಇನ್ನೂ ಹೆಚ್ಚು: ಪಕಾರಕ್ಕೂ ವಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಕೂದಲೆಳೆಯ ಗೀಟು.

ಇದನ್ನು ಸುಳ್ಳು ಎನ್ನಬಹುದೇ? ಸುಳ್ಳು ಹೇಳುವವನಿಗೆ ಉದ್ದೇಶ ಬೇಕು, ಯಂತ್ರಕ್ಕೆ ಉದ್ದೇಶವಿಲ್ಲ ಎಂದು ಮಾತು ಮುಗಿಸುವುದು ಸುಲಭ. ಆದರೆ ಗುಂಡಿ ಒತ್ತಿದವನ ಹೊಣೆಯೇನು? ಈ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಸಿಗುವುದು ಜೈನಾಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ. ಗೃಹಸ್ಥನ ಸತ್ಯವ್ರತಕ್ಕೆ ತಗಲುವ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಅಲ್ಲಿ ಹೇಳಿದೆ. ಒಂದು ಕೂಟಲೇಖಕ್ರಿಯೆ, ಸುಳ್ಳು ದಾಖಲೆ ಬರೆಯುವುದು. ಇದು ಯಾರಿಗಾದರೂ ಹೊಳೆಯುವಂಥದ್ದು. ಇನ್ನೊಂದು ನ್ಯಾಸಾಪಹಾರ. ಕನ್ನಡ ನಾಡಿನೊಂದಿಗೆ ಹೆಸರು ಬೆಸೆದುಕೊಂಡ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದನ್ನು ವಿವರಿಸಿರುವ ಬಗೆ ಬೆರಗು ಹುಟ್ಟಿಸುತ್ತದೆ. ಒಬ್ಬ ಹೊನ್ನನ್ನು ನಂಬಿ ಇಟ್ಟು ಹೋಗಿರುತ್ತಾನೆ. ಎಷ್ಟು ಇಟ್ಟೆನೆಂಬುದು ಅವನಿಗೆ ಮರೆತಿರುತ್ತದೆ. ಬಂದು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಸರಿ’ ಎಂದು ಅಷ್ಟನ್ನೇ ಕೊಟ್ಟು ಕಳಿಸುತ್ತಾನೆ. ಅವನು ಒಂದು ಸುಳ್ಳು ಮಾತನ್ನೂ ಆಡಿಲ್ಲ. ಕೇಳಿದ್ದನ್ನು ಕೊಟ್ಟಿದ್ದಾನೆ. ಆದರೂ ಸತ್ಯವ್ರತ ಮಲಿನವಾಯಿತು.

ಗ್ರಂಥವನ್ನು ಪ್ರತಿ ಮಾಡುವವನು ಕೂತಿರುವುದು ಸರಿಯಾಗಿ ಈ ಜಾಗದಲ್ಲಿ. ಹಿಂದಿನವರು ಇಟ್ಟುಹೋದದ್ದು ಅವನ ಕೈಯಲ್ಲಿದೆ. ಮುಂದೆ ಬಂದು ಕೇಳುವವನಿಗೆ ಎಷ್ಟು ಇತ್ತೆಂದು ಗೊತ್ತಿಲ್ಲ. ಅವನು ಅಚ್ಚಾದ ಅಕ್ಷರವನ್ನಷ್ಟೇ ಕೇಳುತ್ತಾನೆ. ಪೆನ್ಸಿಲ್ ಟಿಪ್ಪಣಿ ಇತ್ತೆಂದು ತಿಳಿದಿದ್ದರಲ್ಲವೇ ಕೇಳುವುದು? ಸ್ಕ್ಯಾನರಿನ ದೊಡ್ಡ ಅಪರಾಧ ಕೂಟಲೇಖವಲ್ಲ, ಸದ್ದಿಲ್ಲದೆ ಕಡಿಮೆ ಹಿಂದಿರುಗಿಸುವುದು. ಕಾರ್ಖಾನೆಯವರು ಕಚೇರಿ ಕಾಗದಕ್ಕೆಂದು ಮೊದಲೇ ಕೂಡಿಸಿಟ್ಟ ಹೊಂದಿಕೆಗಳನ್ನು ಹಾಗೆಯೇ ಬಿಟ್ಟರೆ ಆಗುವುದು ಅದೇ.

ಈ ಮಾತಿಗೆ ಸಾಕ್ಷಿಯಾದ ಒಂದು ದೊಡ್ಡ ಘಟನೆ ಇದೆ, ಮತ್ತು ಅದರ ಒಂದು ತುದಿ ಮುಂಬಯಿಯಲ್ಲಿದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಧವಳ, ಜಯಧವಳ, ಮಹಾಧವಳಗಳು ಉಳಿದುಬಂದವು. ದಿಗಂಬರ ಜೈನರಿಗೆ ಉಳಿದಿರುವ ಅತ್ಯಂತ ಹಳೆಯ ಆಗಮ, ಪುಷ್ಪದಂತ ಮತ್ತು ಭೂತಬಲಿಯರ ಪ್ರಾಕೃತ ಷಟ್‌ಖಂಡಾಗಮ. ಅದಕ್ಕೆ ವೀರಸೇನರು ಬರೆದ ಮಹಾಟೀಕೆ ಧವಳ, ಮುಗಿದದ್ದು ಸುಮಾರು 816ರಲ್ಲಿ. ವೀರಸೇನರು ಅರ್ಧಕ್ಕೆ ಬಿಟ್ಟ ಜಯಧವಳವನ್ನು ಶಿಷ್ಯ ಜಿನಸೇನರು 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಪೂರೈಸಿದರು. ಬೇರೆಲ್ಲಿಯೂ ಈ ಗ್ರಂಥಗಳ ಪ್ರತಿ ಉಳಿದಿರಲಿಲ್ಲ. ಮೂಡುಬಿದಿರೆಯಲ್ಲಿ ಅವು ಶತಮಾನಗಳ ಕಾಲ ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ಬರುತ್ತಿದ್ದರು, ಗರಿಗಳ ಕಟ್ಟನ್ನು ಕಂಡು ಕೈಮುಗಿಯುತ್ತಿದ್ದರು, ಹೋಗುತ್ತಿದ್ದರು. ಓದುವವರು ಇಲ್ಲವೆಂಬಷ್ಟು ವಿರಳ.

1883ರ ಸುಮಾರಿಗೆ ಹಾಗೆ ಯಾತ್ರೆಗೆ ಬಂದವರಲ್ಲಿ ಒಬ್ಬರು ಮುಂಬಯಿಯ ಮುತ್ತಿನ ವ್ಯಾಪಾರಿ ಸೇಠ್ ಮಾಣಿಕಚಂದ್ ಹೀರಾಚಂದ್. ಸಿ. ಪಿ. ಟ್ಯಾಂಕಿನ ಹೀರಾಬಾಗ್ ಧರ್ಮಶಾಲೆ ಕಟ್ಟಿಸಿದವರು ಅವರೇ. ಅವರ ಸ್ಮರಣೆಗೆಂದು ಮುಂಬಯಿಯಲ್ಲಿ ನಾಥೂರಾಮ್ ಪ್ರೇಮಿಯವರು ನಡೆಸಿದ ಗ್ರಂಥಮಾಲೆ ಎಷ್ಟೋ ಜೈನಗ್ರಂಥಗಳನ್ನು ಮೊದಲ ಬಾರಿಗೆ ಅಚ್ಚಿಗೆ ತಂದಿತು. ಗರಿಗಳ ಸ್ಥಿತಿ ಕಂಡು ಕಳವಳಗೊಂಡ ಮಾಣಿಕಚಂದರು ಸೊಲ್ಲಾಪುರದ ಹೀರಾಚಂದ್ ನೇಮಚಂದರಿಗೆ ವಿಷಯ ತಿಳಿಸಿದರು. ಹಣ ಕೂಡಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಶಾಸ್ತ್ರಿಗಳೂ 1896ರ ಹೊತ್ತಿಗೆ ಪ್ರತಿ ಮಾಡಲು ಕೂತರು. ಕೆಲಸ ಎರಡು ದಶಕ ಮೀರಿ ನಡೆಯಿತು. ಪ್ರತಿಗಳು ಬಸದಿಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿಲುವು. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಬರೆದುಕೊಂಡರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು, ಅಲ್ಲಿ ನಾಗರಿಗೆ ಇಳಿಯಿತು, ಆ ನಾಗರಿಯಿಂದ ಮತ್ತೆ ಮತ್ತೆ ಪ್ರತಿಗಳಾದವು. ಅಂಥ ಪ್ರತಿಗಳನ್ನು ಇಟ್ಟುಕೊಂಡು ಪ್ರೊಫೆಸರ್ ಹೀರಾಲಾಲ್ ಜೈನ್ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರತಂದರು. ಗರಿಗೂ ಅಚ್ಚಿಗೂ ನಡುವೆ ಮೂರು ನಾಲ್ಕು ಕೈಗಳು.

ಆ ಸಂಪುಟದ 93ನೆಯ ಸೂತ್ರದಲ್ಲಿ ಒಂದು ಪದ ಇರಲಿಲ್ಲ. ಮನುಷ್ಯಸ್ತ್ರೀಗೆ ಯಾವ ಯಾವ ಗುಣಸ್ಥಾನಗಳು, ಅಂದರೆ ಆತ್ಮದ ಏಳಿಗೆಯ ಮೆಟ್ಟಿಲುಗಳು, ಸಾಧ್ಯವೆಂದು ಹೇಳುವ ಸೂತ್ರ ಅದು. ಪಟ್ಟಿ ‘ಸಂಜದಾಸಂಜದ’ಕ್ಕೆ, ಅಂದರೆ ಅರ್ಧ ಸಂಯಮದ ಐದನೆಯ ಮೆಟ್ಟಿಲಿಗೆ ನಿಂತುಬಿಟ್ಟಿತ್ತು. ಮುಂದೆ ‘ಸಂಜದ’, ಪೂರ್ಣ ಸಂಯಮ, ಇರಬೇಕೆಂದು ಟೀಕೆಯ ಒಕ್ಕಣೆಯಿಂದ ಸಂಪಾದಕರಿಗೆ ತೋರಿತು. ಪೂರ್ಣ ಸಂಯಮವಿಲ್ಲದೆ ಮೋಕ್ಷವಿಲ್ಲ. ಹೀಗಾಗಿ ಆ ಮೂರಕ್ಷರ ಇದೆಯೋ ಇಲ್ಲವೋ ಎಂಬುದು ಸ್ತ್ರೀಗೆ ಮುಕ್ತಿಯುಂಟೋ ಎಂಬ, ದಿಗಂಬರ-ಶ್ವೇತಾಂಬರರ ನಡುವೆ ಸಾವಿರ ವರ್ಷಕ್ಕೂ ಹಳೆಯದಾದ ವಾದದ ನಡುಮಧ್ಯಕ್ಕೆ ಬಂದು ಬಿತ್ತು. ಅಮೋಘವರ್ಷನ ಆಶ್ರಯದಲ್ಲೇ ಇದ್ದ ಯಾಪನೀಯ ಪಂಥದ ಶಾಕಟಾಯನನು ಸ್ತ್ರೀನಿರ್ವಾಣದ ಪರವಾಗಿ ಪ್ರತ್ಯೇಕ ಪ್ರಕರಣವನ್ನೇ ಬರೆದಿದ್ದ. ಈಗ ಮತ್ತೆ ಲೇಖನಗಳು, ಪ್ರತಿಲೇಖನಗಳು. ಮುಂಬಯಿಯ ದಿಗಂಬರ ಪಂಚಾಯತಿಯೂ ವಾದಕ್ಕಿಳಿಯಿತು. ಸೂತ್ರ ಹೇಳುವುದು ದೇಹದಿಂದ ಸ್ತ್ರೀಯಾದವಳನ್ನೋ, ಭಾವದಿಂದಷ್ಟೇ ಸ್ತ್ರೀಯಾದವರನ್ನೋ ಎಂದು ಪಂಡಿತರು ಸೆಣಸಿದರು. ಅರ್ಥದ ಜಗಳ ಇಂದಿಗೂ ಮುಗಿದಿಲ್ಲ. ಆದರೆ ಪದದ ಜಗಳ ಮುಗಿಯಿತು: ಮೂಡುಬಿದಿರೆಯ ತಾಳೆಗರಿಯನ್ನು ಬಿಚ್ಚಿ ನೋಡಿದಾಗ ‘ಸಂಜದ’ ಅಲ್ಲಿ ಇತ್ತು.

ಅದು ಹೇಗೆ ಬಿಟ್ಟುಹೋಗಿರಬಹುದು? ‘ಸಂಜದಾಸಂಜದ’ ಆದ ಕೂಡಲೇ ಮತ್ತೆ ‘ಸಂಜದ’. ಒಂದೇ ಅಕ್ಷರಗಳು ಬೆನ್ನುಬೆನ್ನಿಗೆ ಬಂದಾಗ ದಣಿದ ಕಣ್ಣು ಮೂರನೆಯದನ್ನು ಎರಡನೆಯದೇ ಎಂದುಕೊಂಡು ದಾಟಿರಬೇಕು. ಜರ್ಮನಿಯ ನಕ್ಷೆಯಲ್ಲಿ ಯಂತ್ರ ಮಾಡಿದ್ದೂ ಅದನ್ನೇ. ಒಂದೇ ತೆರನಾಗಿ ಕಂಡದ್ದನ್ನು ಒಂದೇ ಎಂದುಕೊಂಡಿತು. ಲಿಪಿಕಾರನ ಪ್ರತಿ ಓದಲು ಸರಾಗವಾಗಿಯೇ ಇತ್ತು. ಮಹಿಳೆಗೆ ಎಷ್ಟು ದೂರ ದಾರಿಯಿದೆ ಎಂಬ ಪ್ರಶ್ನೆ ಆ ಸರಾಗದಲ್ಲಿ ಕಾಣೆಯಾಗಿತ್ತು.

ಇಲ್ಲಿ ಮೀಮಾಂಸಕರು ಆಕ್ಷೇಪ ಎತ್ತುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವರ್ಣ ನಿತ್ಯ, ಬಾಯಿಯ ದನಿ, ಓಲೆಯ ಗೀರು ಅದನ್ನು ತೋರಿಸಿಕೊಡುವ ಸಾಧನಗಳು ಮಾತ್ರ. ಓಲೆ ಹಳತಾದರೆ ಹೊಸ ಓಲೆಗೆ ಪ್ರತಿ ಮಾಡಿ ಹಳೆಯದನ್ನು ಹೊಳೆಗೆ ಬಿಡುವುದು ನಮ್ಮ ನಾಡಿನ ಹಲವು ಮನೆತನಗಳ ಪದ್ಧತಿಯೇ ಆಗಿತ್ತು. ಶಬ್ದ ಉಳಿದರೆ ಸಾಕು, ಶರೀರಕ್ಕೆ ಯಾಕೆ ಮಮಕಾರ? ಈ ದೃಷ್ಟಿಯಲ್ಲಿ ಒಂದು ಎಂಬಿಯ ಬೆಳ್ಳಗಿನ ಪುಟ ಶುದ್ಧ ಲಾಭ. 26 ಎಂಬಿಯ ಕಂದುಬಣ್ಣದ ಪುಟ ಕಲೆಯ ಮೇಲಿನ ಮೋಹ. ಬಸದಿಯವರ ಭಕ್ತಿ ಇದಕ್ಕೆ ನೇರ ಎದುರು: ಗರಿಯೇ ದೈವ, ಅದನ್ನು ಕಾಣುವುದೇ ಪುಣ್ಯ, ಓದು ಆಮೇಲಿನದು.

ಎರಡೂ ಕಡೆ ಸತ್ಯವಿದೆ, ಆದರೆ 93ನೆಯ ಸೂತ್ರದ ಕಥೆ ಕೇಳಿದ ಮೇಲೆ ಎರಡರಲ್ಲಿಯೂ ನೆಮ್ಮದಿ ಸಿಗುವುದಿಲ್ಲ. ಶಬ್ದ ನಿತ್ಯವೇ ಆಗಿರಲಿ. ಅಲ್ಲಿದ್ದದ್ದು ಯಾವ ಶಬ್ದ ಎಂದು ಸಾಕ್ಷಿ ಹೇಳಲು ಕೊನೆಗೆ ಬೇಕಾದದ್ದು ಆ ಒಣಗಿದ ಗರಿಯೇ. ಮೊದಲ ಪ್ರತಿಯಾದ ಮೇಲೆ ಗರಿಗಳನ್ನು ಸಮುದ್ರಕ್ಕೆ ಬಿಟ್ಟಿದ್ದರೆ ಆ ಪದ ಎಂದೆಂದಿಗೂ ಸಂಪಾದಕನ ಊಹೆಯಾಗಿಯೇ ಉಳಿಯುತ್ತಿತ್ತು. ಹಾಗೆಯೇ, ಪ್ರತಿ ಹೊರಗೆ ಹೋಗದೆ, ಅಚ್ಚಾಗದೆ, ಯಾರೂ ಓದದೆ ಇದ್ದಿದ್ದರೆ ಆ ಪದದ ಬಗ್ಗೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮೂಡುಬಿದಿರೆಯ ಧವಳದ ಗರಿಗಳಲ್ಲಿ ಹೊಯ್ಸಳ ಕಾಲದ ಬಣ್ಣದ ಚಿತ್ರಗಳೂ ಇವೆ. ಶಬ್ದವೇ ಎಲ್ಲ ಎಂದು ಹೊರಟವನಿಗೆ ಅವುಗಳನ್ನು ಏನು ಮಾಡಬೇಕೆಂದೇ ತೋಚುವುದಿಲ್ಲ.

ಜೈನ ತರ್ಕದ ನಯವಾದ ಈ ಬಿಕ್ಕಟ್ಟಿಗೆ ಹೇಳಿಮಾಡಿಸಿದಂತಿದೆ. ವಸ್ತುವಿಗೆ ಅನಂತ ಧರ್ಮಗಳು. ಪ್ರತಿ ನೋಟ ಅವುಗಳಲ್ಲಿ ಒಂದನ್ನು ಹಿಡಿಯುತ್ತದೆ, ಅದು ನಯ. ಹಿಡಿದದ್ದೊಂದೇ ನಿಜ, ಉಳಿದದ್ದು ಇಲ್ಲ ಎಂದರೆ ಅದು ದುರ್ನಯ. ಕಪ್ಪು-ಬಿಳುಪಿನ ಪ್ರತಿ ಒಂದು ನಯ: ಹುಡುಕಲು, ಹಂಚಲು, ಫೋನಿನಲ್ಲಿ ಓದಲು ಅದು ಬೇಕು. ಬಣ್ಣದ ಮೂಲಚಿತ್ರವನ್ನು ಅಳಿಸಿ ಅದೊಂದನ್ನೇ ಉಳಿಸಿಕೊಂಡಾಗ ಅದು ದುರ್ನಯವಾಗುತ್ತದೆ. ಆದ್ದರಿಂದ ಟ್ರಂಕು ತೆರೆದ ಮನೆಯವರು ಮೊದಲು ಬಣ್ಣದಲ್ಲಿ, 400 ಡಿಪಿಐಗೆ ಕಡಿಮೆಯಿಲ್ಲದಂತೆ, ಡೆಸ್ಪೆಕಲ್, ಡ್ರಾಪ್‌ಔಟ್, ಹಿನ್ನೆಲೆ ಅಳಿಸುವ ಆಯ್ಕೆ ಎಲ್ಲವನ್ನೂ ಬಂದ್ ಮಾಡಿ, ಟಿಫ್ ರೂಪದಲ್ಲಿ ಒಂದು ಪ್ರತಿ ತೆಗೆದಿಡಬೇಕು. ಒತ್ತಕ್ಷರ ಕಿಕ್ಕಿರಿದ ಹಳೆಯ ಅಚ್ಚಿಗೆ 600 ಆದರೂ ಹೆಚ್ಚಲ್ಲ. ಬೆಳ್ಳಗಿನ ಪ್ರತಿಗಳನ್ನು ಅದರಿಂದ ಎಷ್ಟು ಬೇಕಾದರೂ ಮಾಡಿಕೊಳ್ಳಲಿ. ಟ್ರಂಕಿನಲ್ಲಿ ಓಲೆಗರಿ ಸಿಕ್ಕರೆ ಮನೆಯ ಸ್ಕ್ಯಾನರನ್ನು ಮುಟ್ಟದಿರುವುದೇ ಮೇಲು. ಕಂಟದಿಂದ ಕೊರೆದ ಅಕ್ಷರದಲ್ಲಿ ಮಸಿ ಉದುರಿದ್ದರೆ ಅದು ಕಾಣುವುದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟಾಗ. ಸ್ಕ್ಯಾನರಿನ ಸಮನಾದ ಬೆಳಕಿನಲ್ಲಿ ಗೀರಿನ ನೆರಳು ಸ್ಪಷ್ಟವಾಗಿ ಬೀಳುವುದಿಲ್ಲ, ಡೊಂಕಾದ ಗರಿ ಗಾಜಿನಿಂದ ಸ್ವಲ್ಪ ಎದ್ದು ನಿಂತರೂ ಮಸುಕಾಗುತ್ತದೆ.

ಇನ್ನೊಂದು ಕೆಲಸ, ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವಂಥದ್ದು: ಏನು ಮಾಡಿದೆವೆಂದು ಬರೆದಿಡುವುದು. ಹೀರಾಲಾಲ್ ಜೈನ್ ಮತ್ತು ಅವರ ಜೊತೆಗಾರರು 1939ರಲ್ಲಿ ತಮಗೆ ಖಚಿತವೆನಿಸಿದ ‘ಸಂಜದ’ವನ್ನು ಮೂಲಸೂತ್ರದೊಳಗೆ ತುರುಕಲಿಲ್ಲ. ಕೈಗೆ ಬಂದ ಪಾಠವನ್ನು ಬಂದಂತೆ ಅಚ್ಚು ಮಾಡಿ, ಇಲ್ಲೊಂದು ಪದ ಬಿಟ್ಟಿರುವಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿದರು. ಕಂಡದ್ದು ಮೇಲೆ, ಊಹಿಸಿದ್ದು ಕೆಳಗೆ. ಗರಿಯನ್ನು ಬಿಚ್ಚಿ ಪರೀಕ್ಷಿಸಲು ಪ್ರೇರಣೆ ಸಿಕ್ಕಿದ್ದೇ ಆ ಒಂದು ಸಾಲಿನ ಟಿಪ್ಪಣಿಯಿಂದ ಹುಟ್ಟಿದ ವಾದದಿಂದ. ಮೂಡುಬಿದಿರೆಗೆ ಹತ್ತಿರದ ನೆಲ್ಲಿಕಾರಿನಲ್ಲಿ 1923ರಲ್ಲಿ ಹುಟ್ಟಿ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು 1991ರಲ್ಲಿ ಸ್ತ್ರೀಮುಕ್ತಿಯ ಜೈನ ವಾದಗಳನ್ನು, ಶಾಕಟಾಯನನ ಪ್ರಕರಣವನ್ನೂ ಸೇರಿಸಿ, ಇಂಗ್ಲಿಷಿಗೆ ತಂದು ಲೋಕದ ಮುಂದಿಟ್ಟರು. ಎರಡೂ ಪಕ್ಷದ ಪಾಠ ಉಳಿದಿದ್ದರಿಂದಲೇ ಅದು ಆಗುವಂತಾಯಿತು.

ಜ್ಯೇಷ್ಠ ಶುದ್ಧ ಪಂಚಮಿ ಜೈನರಿಗೆ ಶ್ರುತಪಂಚಮಿ, ಷಟ್‌ಖಂಡಾಗಮ ಬರೆದು ಮುಗಿದ ದಿನವೆಂದು ನಂಬಿಕೆ. ಅಂದು ಗ್ರಂಥಗಳ ಕಟ್ಟು ಬಿಚ್ಚಿ, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುತ್ತಾರೆ. ಮುಂಬಯಿಯಲ್ಲಿ ಅದು ಬರುವುದು ಹೆಚ್ಚುಕಡಿಮೆ ಮಳೆಯ ಜೊತೆಗೇ. ಜೈನರಲ್ಲದ ಕನ್ನಡ ಮನೆಗಳೂ ಆ ದಿನವನ್ನು ಇಟ್ಟುಕೊಳ್ಳಬಹುದು: ಹಾರ್ಡ್‌ಡಿಸ್ಕನ್ನು ಹೊರತೆಗೆದು, ಕಡತಗಳು ತೆರೆಯುತ್ತವೆಯೇ ಎಂದು ನೋಡಿ, ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅಜ್ಜನ ಪುಸ್ತಕದ ಒಂದು ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಅಂಚಿನ ಪೆನ್ಸಿಲ್ ಬರಹವನ್ನು ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಓದಿಸಬಹುದು.